ಮಂಗಳೂರು–ದುಬೈ: ವಿಮಾನದ ಲೆಕ್ಕ ಮೂರೂವರೆ ಗಂಟೆ, ಮನೆಯ ಲೆಕ್ಕ ಬೇರೆಯೇ

ದುಬೈ ಎಷ್ಟು ದೂರ ಎಂದು ನಮ್ಮ ಯಾವ ಮನೆಯಲ್ಲಿ ಕೇಳಿದರೂ ಕಿಲೋಮೀಟರಿನಲ್ಲಿ ಉತ್ತರ ಸಿಗುವುದಿಲ್ಲ. “ಮೂರೂವರೆ ಗಂಟೆ, ಅಷ್ಟೇ” ಎನ್ನುತ್ತಾರೆ. ಬಿ.ಸಿ.ರೋಡಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗ್ಲಿಕ್ಕೆ ಏಳೆಂಟು ಗಂಟೆ ಬೇಕು, ದುಬೈ ಅದರ ಅರ್ಧ ಎಂದು ನಗುವವರೂ ಇದ್ದಾರೆ. ಮಾತು ಸುಳ್ಳಲ್ಲ. ಆದರೆ ಈ ಮೂರೂವರೆ ಗಂಟೆಯನ್ನೇ ಪೂರ್ತಿ ಲೆಕ್ಕ ಎಂದು ನಂಬಿ ನಮ್ಮ ಮನೆಗಳಲ್ಲಿ ಕೆಲವು ದೊಡ್ಡ ತೀರ್ಮಾನಗಳು ಆಗುತ್ತವೆ. ಮಯ್ಯಿತ್ತನ್ನು ಎಷ್ಟು ಹೊತ್ತು ಇಡಬೇಕು, ಉಪವಾಸ ಹಿಡಿದು ವಿಮಾನ ಹತ್ತಬಹುದಾ, ಮಗಳ ನಿಕಾಹ್‌ಗೆ ಅಣ್ಣ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುತ್ತಾನಾ ಎಂಬಂಥವು. ಹಾಗಾಗಿ ಈ ದೂರ ಮತ್ತು ಸಮಯದ ಲೆಕ್ಕವನ್ನು ಒಮ್ಮೆ ಸರಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು.

ನಕ್ಷೆಯ ದೂರ

ಬಜ್ಪೆಯಿಂದ ದುಬೈ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲ್ಮೈ ಹಿಡಿದು ಅತಿ ಹತ್ತಿರದ ದಾರಿ ಅಳೆದರೆ ಸುಮಾರು 2,460 ಕಿ.ಮೀ. ಅಬುಧಾಬಿಗೂ ಹೆಚ್ಚು ಕಡಿಮೆ ಅಷ್ಟೇ, 2,480ರ ಆಸುಪಾಸು. ಮಸ್ಕತ್ ಹತ್ತಿರ, ಸುಮಾರು 2,110. ದೋಹಾ 2,800, ದಮ್ಮಾಮ್ 3,000, ಜಿದ್ದಾ 3,900 ಕಿ.ಮೀ. ನಮ್ಮದೇ ರಾಜಧಾನಿ ದಿಲ್ಲಿ ಮಂಗಳೂರಿನಿಂದ ಸುಮಾರು 1,750 ಕಿ.ಮೀ. ಅಂದರೆ ದುಬೈ ದಿಲ್ಲಿಗಿಂತ 700 ಕಿ.ಮೀ. ಆಚೆಗುಂಟು. ಆದರೂ ನಮ್ಮ ಹೆಚ್ಚಿನ ಮನೆಗಳಿಗೆ ದಿಲ್ಲಿಗಿಂತ ದುಬೈಯ ಗಲ್ಲಿಗಳೇ ಹೆಚ್ಚು ಪರಿಚಯ. ದೇರಾ, ಸತ್ವ, ಅಲ್ ಕೂಸ್ ಎಂದರೆ ಅಜ್ಜಿಯಂದಿರಿಗೂ ಗೊತ್ತು.

ಇಲ್ಲಿ ಇನ್ನೊಂದು ಲೆಕ್ಕವೂ ಉಂಟು. ಮಂಗಳೂರಿನಿಂದ ಮುಂಬೈಗೆ ಆಕಾಶ ಮಾರ್ಗದಲ್ಲಿ ಸುಮಾರು 715 ಕಿ.ಮೀ., ಮುಂಬೈಯಿಂದ ದುಬೈಗೆ ಸುಮಾರು 1,930 ಕಿ.ಮೀ. ಎರಡೂ ಸೇರಿದರೆ 2,645. ನೇರ ದಾರಿಗಿಂತ ಹೆಚ್ಚಾಗುವುದು 185 ಕಿ.ಮೀ. ಮಾತ್ರ. ವಿಮಾನಕ್ಕೆ ಅದು ಕಾಲು ಗಂಟೆಯ ಕೆಲಸ. ಆದರೆ ಮುಂಬೈಯಲ್ಲಿ ಇಳಿದು, ಕಾದು, ಮತ್ತೆ ಹತ್ತುವಾಗ ಅರ್ಧ ದಿನ ಹೋಗುತ್ತದೆ. ಪ್ರಯಾಣದಲ್ಲಿ ಹೊತ್ತು ನುಂಗುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಕಾಯುವಿಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಿರಿಯರ ದೂರ

ಈ ಕರಾವಳಿಗೂ ಅರಬ್ ದೇಶಗಳಿಗೂ ನಂಟು ಬೆಳೆದದ್ದು ಮಳೆಗಾಳಿಯ ಲೆಕ್ಕದಲ್ಲಿ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಮಂಗಳೂರಿನಲ್ಲಿ ಪರ್ಶಿಯಾ ಮತ್ತು ಯಮನ್‌ನ ವ್ಯಾಪಾರಿಗಳು ಇಳಿಯುತ್ತಿದ್ದುದನ್ನೂ, ಸುಮಾರು 4,000 ಮುಸ್ಲಿಮರು ಇಲ್ಲಿ ನೆಲೆಸಿದ್ದುದನ್ನೂ ಬರೆದಿಟ್ಟಿದ್ದಾನೆ. ಆ ಹಾಯಿ ಹಡಗುಗಳಿಗೆ ಗಾಳಿ ಕೂಡಿ ಬಂದರೆ ಸಮುದ್ರ ದಾಟಲು ಕೆಲವು ವಾರ ಸಾಕಿತ್ತು. ಗಾಳಿ ತಪ್ಪಿದರೆ ಮುಂದಿನ ಋತುವಿನವರೆಗೆ ಬಂದರಿನಲ್ಲೇ ಠಿಕಾಣಿ.

ಹಾಯಿ ಹೋಗಿ ಹಬೆ ಬಂತು. ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಮುಂಬೈಯಿಂದ ಕೊಲ್ಲಿಯ ಬಂದರುಗಳಿಗೆ ಓಡಾಡುತ್ತಿದ್ದವು. ಅವುಗಳಲ್ಲಿ ‘ದಾರಾ’ 1961ರ ಎಪ್ರಿಲ್‌ನಲ್ಲಿ ದುಬೈ ಸಮೀಪ ಸ್ಫೋಟಗೊಂಡು ಮುಳುಗಿ 238 ಮಂದಿ ಪ್ರಾಣ ಕಳೆದುಕೊಂಡರು. ‘ದ್ವಾರಕಾ’ ಎಂಬ ಕೊನೆಯ ಹಡಗು 1982ರವರೆಗೂ ಓಡಿತು. ಎಪ್ಪತ್ತರ ದಶಕದಲ್ಲಿ ಕೊಲ್ಲಿಗೆ ಹೋದ ತಲೆಮಾರಿನವರಿಗೆ ‘ಬೊಂಬಾಯಿ’ ಎಂಬುದು ಊರಲ್ಲ, ಬಾಗಿಲು. ಘಟ್ಟ, ಹೊಳೆ ದಾಟುತ್ತಾ 900 ಕಿ.ಮೀ.ಗೂ ಮೀರಿದ ಬಸ್ ಪ್ರಯಾಣ, ಅಲ್ಲಿ ವೀಸಾ ಬರುವವರೆಗೆ ಕೋಣೆಯಲ್ಲಿ ಹತ್ತಾರು ಮಂದಿಯ ಜೊತೆ ಕಾಯುವುದು, ಆಮೇಲೆ ಹಡಗು ಇಲ್ಲವೇ ವಿಮಾನ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಬಸ್ಸಿನ ಕಷ್ಟ ಕಡಿಮೆಯಾಯಿತು. ಮುಂಬೈಯ ಬಾಗಿಲು ಮಾತ್ರ ಹಾಗೆಯೇ ಉಳಿಯಿತು.

ಬಜ್ಪೆಯ ನಿಲ್ದಾಣ 1951ರಿಂದಲೇ ಇದ್ದರೂ ಅದರ ಹಳೆಯ ರನ್‌ವೇ 1,615 ಮೀಟರ್ ಮಾತ್ರ ಇತ್ತು. 2,450 ಮೀಟರಿನ ಎರಡನೇ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದುಬೈ–ಮಂಗಳೂರು ನೇರ ವಿಮಾನ ಆರಂಭವಾಯಿತು. ‘ಮೂರೂವರೆ ಗಂಟೆ’ ಎಂಬ ಮಾತು ನಮ್ಮ ಮನೆಗಳಿಗೆ ಬಂದದ್ದು ಆಗಲೇ. ಅದಕ್ಕಿಂತ ಮುಂಚೆ ಮಗನೊಬ್ಬ ದುಬೈಯಿಂದ ಹೊರಟನೆಂದರೆ ಮನೆ ಮುಟ್ಟುವುದು ಎರಡನೇ ದಿನ ಎಂದೇ ಲೆಕ್ಕ.

ಈ ದಾರಿಯ ಬಗ್ಗೆ ಬರೆಯುವಾಗ 2010ರ ಮೇ 22ನ್ನು ಬಿಟ್ಟು ಮುಂದೆ ಹೋಗಲಾಗದು. ದುಬೈಯಿಂದ ಹೊರಟು ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಇಳಿದ ವಿಮಾನ ರನ್‌ವೇ ಮೀರಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು 8 ಮಂದಿ. 158 ಮಂದಿಗೆ ಪ್ರಯಾಣ ಮುಗಿದದ್ದು ಮನೆಗೆ ಇನ್ನು ಒಂದೆರಡು ಗಂಟೆಯ ದಾರಿ ಇರುವಾಗ. ಕಾರು ಮಾಡಿಕೊಂಡು ನಿಲ್ದಾಣಕ್ಕೆ ಬಂದು ನಿಂತಿದ್ದ ಮನೆಯವರ ಆ ಬೆಳಗು ನಮ್ಮ ಜಿಲ್ಲೆ, ಕಾಸರಗೋಡಿನ ಯಾವ ಮೊಹಲ್ಲಾಕ್ಕೂ ಮರೆತಿಲ್ಲ. ಇವತ್ತಿಗೂ ವಿಮಾನ ಇಳಿಯಿತು ಎಂದು ಮೆಸೇಜ್ ಬರುವವರೆಗೆ ಉಮ್ಮಂದಿರು ಮಲಗುವುದಿಲ್ಲ. ಅದು ಸುಮ್ಮನೆ ಹೆದರಿಕೆಯಲ್ಲ.

ಗಡಿಯಾರದ ಆಟ

ಟಿಕೆಟ್ ನೋಡಿ ಗೊಂದಲ ಪಡುವವರು ಬಹಳ. ಮಂಗಳೂರಿನಿಂದ ರಾತ್ರಿ 8ಕ್ಕೆ ಹೊರಟ ವಿಮಾನ 3 ಗಂಟೆ 40 ನಿಮಿಷ ಹಾರಿದರೆ ನಮ್ಮ ಗಡಿಯಾರದಲ್ಲಿ 11.40. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಆದ್ದರಿಂದ ಟಿಕೆಟ್‌ನಲ್ಲಿ 10.10 ಎಂದಿರುತ್ತದೆ. ನೋಡಿದವರಿಗೆ ಎರಡು ಗಂಟೆ ಹತ್ತು ನಿಮಿಷದ ದಾರಿ! ಬರುವಾಗ ಉಲ್ಟಾ. ದುಬೈಯಿಂದ ರಾತ್ರಿ 11ಕ್ಕೆ ಹೊರಟು 3 ಗಂಟೆ 20 ನಿಮಿಷ ಹಾರಿದರೆ ಇಲ್ಲಿ ಬೆಳಗಿನ ಜಾವ 3.50. ಟಿಕೆಟ್ ಪ್ರಕಾರ ಸುಮಾರು ಐದು ಗಂಟೆ. ಹಾರಿದ ಸಮಯ ಬೇಕಿದ್ದರೆ ಹೋಗುವಾಗ ಟಿಕೆಟ್ ಲೆಕ್ಕಕ್ಕೆ ಒಂದೂವರೆ ಗಂಟೆ ಕೂಡಿಸಿ, ಬರುವಾಗ ಒಂದೂವರೆ ಗಂಟೆ ಕಳೆಯಿರಿ. ಅಷ್ಟೇ.

ಹೋಗಲು ಬರಲು ಒಂದೇ ದಾರಿಯಾದರೂ ಸಮಯ ಯಾಕೆ ಬೇರೆ? ಕಾರಣ ಮೇಲಿನ ಗಾಳಿ. ಚಳಿಗಾಲದಲ್ಲಿ ವಿಮಾನ ಹಾರುವ ಎತ್ತರದಲ್ಲಿ, ಅದರಲ್ಲೂ ಕೊಲ್ಲಿಯ ಕಡೆಗೆ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ದುಬೈಗೆ ಹೋಗುವ ವಿಮಾನ ಅದಕ್ಕೆ ಎದುರಾಗಿ ಹೋಗಬೇಕು, ಊರಿಗೆ ಬರುವ ವಿಮಾನಕ್ಕೆ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗುವುದರಿಂದ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಈ ದಾರಿಯಲ್ಲಿ ಓಡುವ 737 ಜಾತಿಯ ವಿಮಾನಗಳು ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತವೆ. ಹಾಗೆ ನೋಡಿದರೆ 2,460 ಕಿ.ಮೀ.ಗೆ ಮೂರು ಗಂಟೆ ಸಾಕು. ಉಳಿದ ಅರ್ಧ ಗಂಟೆ ಮೇಲೇರಲು, ಇಳಿಯಲು, ನೆಲದ ಮೇಲೆ ಸಾಗಲು.

ಇನ್ನೊಂದು ಸಮಾಧಾನದ ವಿಷಯ. ನಮ್ಮ ವಿಮಾನ ಅರಬ್ಬೀ ಸಮುದ್ರ ದಾಟಿ ಒಮಾನ್ ಕಡೆಯಿಂದ ಹೋಗುತ್ತದೆ. ಪಾಕಿಸ್ತಾನದ ಆಕಾಶ ಮುಚ್ಚಿದಾಗ ದಿಲ್ಲಿಯ ಕೊಲ್ಲಿ ವಿಮಾನಗಳು ಸುತ್ತು ಬಳಸಬೇಕಾಗುತ್ತದೆ, ನಮ್ಮ ದಾರಿಗೆ ಆ ತೊಂದರೆಯಿಲ್ಲ. ಆದರೆ 2025ರ ಜೂನ್‌ನಲ್ಲಿ ಕತಾರ್‌ನ ಸೇನಾ ನೆಲೆಯ ಮೇಲೆ ಕ್ಷಿಪಣಿ ದಾಳಿಯಾದಾಗ ಕೊಲ್ಲಿಯ ದೇಶಗಳೇ ಕೆಲ ಗಂಟೆ ಆಕಾಶ ಮುಚ್ಚಿದವು. ಅಂಥ ದಿನ ಮೂರೂವರೆ ಗಂಟೆಯ ದಾರಿಗೂ ಎಷ್ಟು ಹೊತ್ತು ಎಂದು ಹೇಳಲಾಗದು.

ಉಪವಾಸ, ನಮಾಝ್‌ನ ಲೆಕ್ಕ

ಶಾಫಿಈ ಮದ್‌ಹಬ್‌ನಲ್ಲಿ ಪ್ರಯಾಣಿಕನ ರಿಯಾಯಿತಿಗೆ ಅಳತೆ ದೂರ, ಸಮಯ ಅಲ್ಲ. ಎರಡು ಮರ್‌ಹಲ, ಅಂದರೆ ಹಿಂದಿನ ಕಾಲದ ಎರಡು ದಿನದ ದಾರಿಯಷ್ಟು ದೂರ ಹೋಗುವವನಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಾಗಿ ಮಾಡುವ ಅನುಮತಿಯುಂಟು. 13ನೇ ಶತಮಾನದ ಇಮಾಮ್ ನವವಿ ತಮ್ಮ ‘ಮಿನ್ಹಾಜ್’ನಲ್ಲಿ ಸಮುದ್ರ ಪ್ರಯಾಣದ ವಿಷಯ ಎತ್ತಿ, ಅಷ್ಟು ದೂರವನ್ನು ಒಂದೇ ತಾಸಿನಲ್ಲಿ ದಾಟಿದರೂ ಕಸ್ರ್‌ನ ಅನುಮತಿ ಹಾಗೆಯೇ ಉಳಿಯುತ್ತದೆ ಎಂದು ತೀರ್ಮಾನಿಸಿದ್ದಾರೆ. ಒಂದು ತಾಸಿನಲ್ಲಿ ಅಷ್ಟು ದೂರ ಹೋಗುವ ವಾಹನ ಆಗ ಯಾರ ಕಲ್ಪನೆಯಲ್ಲಿತ್ತು ಹೇಳಿ? “ಮೂರೂವರೆ ಗಂಟೆ ಕೂತು ಹೋಗುವುದು ಎಂಥ ಪ್ರಯಾಣ?” ಎಂದು ಕೇಳುವ ನಮ್ಮ ಯುವಕರಿಗೆ ಉತ್ತರ ಏಳು ನೂರು ವರ್ಷ ಮುಂಚೆಯೇ ಸಿದ್ಧವಾಗಿದೆ.

ರಮಝಾನ್‌ನಲ್ಲಿ ಸಂಜೆಯ ವಿಮಾನ ಹತ್ತುವವರು ಒಂದು ವಿಷಯ ನೆನಪಿಡಬೇಕು. ವಿಮಾನ ಪಶ್ಚಿಮಕ್ಕೆ, ಅಂದರೆ ಸೂರ್ಯನ ಹಿಂದೆಯೇ ಓಡುತ್ತಿರುತ್ತದೆ. ಮಂಗಳೂರಿಗೂ ದುಬೈಗೂ ಗಡಿಯಾರದ ವ್ಯತ್ಯಾಸ 90 ನಿಮಿಷವಾದರೂ ರೇಖಾಂಶದ ಲೆಕ್ಕದಲ್ಲಿ ಸೂರ್ಯನ ವ್ಯತ್ಯಾಸ ಸುಮಾರು 78 ನಿಮಿಷ. ಮಾರ್ಚ್ ತಿಂಗಳಲ್ಲಿ ಇಲ್ಲಿಂದ ಸಂಜೆ 5ಕ್ಕೆ ಹೊರಟವರಿಗೆ ಊರಿನಲ್ಲಿ ಆರೂವರೆ ದಾಟಿ ಮಗ್ರಿಬ್ ಬಾಂಗ್ ಆದಾಗಲೂ ಕಿಟಕಿಯಲ್ಲಿ ಬಿಸಿಲು ಕಾಣುತ್ತದೆ. ಎತ್ತರದಲ್ಲಿ ಇರುವುದರಿಂದಲೂ ಸೂರ್ಯ ಇನ್ನಷ್ಟು ತಡವಾಗಿ ಮುಳುಗುತ್ತಾನೆ. ಒಟ್ಟಿನಲ್ಲಿ ಊರಿಗಿಂತ ಒಂದು ಗಂಟೆಗೂ ಮಿಕ್ಕಿ ಉಪವಾಸ ಉದ್ದವಾಗಬಹುದು. ಊರಿನ ಸಮಯ ನೋಡಿ ಖರ್ಜೂರ ಬಾಯಿಗಿಡುವ ಹಾಗಿಲ್ಲ, ಕೆಳಗಿನ ನೆಲದ ಸಮಯವೂ ಲೆಕ್ಕಕ್ಕಿಲ್ಲ. ವಿಮಾನದಲ್ಲಿ ಇರುವವನಿಗೆ ತಾನಿರುವಲ್ಲಿ ಸೂರ್ಯ ಮುಳುಗಬೇಕು. ದುಬೈಯಿಂದ ಮಧ್ಯಾಹ್ನ ಹೊರಟು ಊರಿಗೆ ಬರುವವರಿಗೆ ಇದು ತಿರುಗುಮುರುಗು. ಸೂರ್ಯ ಬೇಗ ಮುಳುಗುತ್ತಾನೆ, ಉಪವಾಸ ಸುಮಾರು ಒಂದು ಗಂಟೆ ಗಿಡ್ಡವಾಗುತ್ತದೆ.

ಪ್ರಯಾಣಿಕನಿಗೆ ಉಪವಾಸ ಬಿಟ್ಟು ಆಮೇಲೆ ಕಳಾ ತೀರಿಸುವ ಅವಕಾಶವನ್ನು ಕುರ್‌ಆನ್ ಕೊಟ್ಟಿದೆ. ಆದರೆ ಶಾಫಿಈ ಪ್ರಕಾರ ಊರಿನಲ್ಲೇ ಸುಬ್‌ಹಿ ಆಗಿ ಉಪವಾಸ ಶುರುವಾದ ಮೇಲೆ ಹೊರಟವನಿಗೆ, ಪ್ರಯಾಣ ಮಾಡಿದ ಕಾರಣಕ್ಕೆ ಮಾತ್ರ ಅಂದಿನ ಉಪವಾಸ ಮುರಿಯುವ ಅನುಮತಿ ಇಲ್ಲ. ಸುಬ್‌ಹಿಗೆ ಮುಂಚೆಯೇ ಊರ ಗಡಿ ದಾಟಿರಬೇಕು. ಕಾಯಿಲೆಯವರ, ಗರ್ಭಿಣಿಯರ ವಿಷಯ ಬೇರೆ. ಟಿಕೆಟ್ ತೆಗೆಯುವ ಮುಂಚೆ ಮೊಹಲ್ಲಾದ ಉಸ್ತಾದರಲ್ಲಿ ಎರಡು ನಿಮಿಷ ಕೇಳಿದರೆ ಮುಗಿಯಿತು. ನಾವು ಟ್ರಾವೆಲ್ ಏಜೆಂಟರಲ್ಲಿ ಲಗೇಜ್ ಎಷ್ಟು ಕಿಲೋ ಎಂದು ಹತ್ತು ಸಲ ಕೇಳುತ್ತೇವೆ, ಇದನ್ನು ಕೇಳುವುದು ಕಡಿಮೆ.

ಮಯ್ಯಿತ್ ಮನೆಯ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಮೊದಲು ಏಳುವ ಪ್ರಶ್ನೆ, ಗಲ್ಫಿನಲ್ಲಿರುವ ಮಗನಿಗೆ ಕಾಯಬೇಕಾ? “ಮೂರೂವರೆ ಗಂಟೆ ಅಲ್ವಾ, ಬರ್ತಾನೆ” ಎಂದು ಯಾರೋ ಹೇಳುತ್ತಾರೆ. ಝುಹರ್‌ಗೆ ದಫನ ಎಂದು ನಿಶ್ಚಯವಾದದ್ದು ಅಸರ್‌ಗೆ ಹೋಗುತ್ತದೆ, ಅಸರ್ ಇಶಾ ಆಗುತ್ತದೆ, ಕೆಲವೊಮ್ಮೆ ಮರುದಿನವೂ ಆಗುತ್ತದೆ. ನೆರೆದ ಜನ ಚದುರುತ್ತಾರೆ, ಮನೆಯ ಹೆಂಗಸರು ಅತ್ತು ಅತ್ತು ಸೋಲುತ್ತಾರೆ. ಮಗ ಅಲ್ಲಿ ಏರ್‌ಪೋರ್ಟಿನಲ್ಲಿ ಒಬ್ಬನೇ ಕುಳಿತು ಫೋನು ನೋಡುತ್ತಿರುತ್ತಾನೆ.

ಲೆಕ್ಕ ಹೀಗೆ ಮಾಡಿ ನೋಡಿ. ಶಾರ್ಜಾದ ಕೋಣೆಯಿಂದ ಮಗ ಅಲ್ಲಿನ ಬೆಳಿಗ್ಗೆ 9ಕ್ಕೆ ಹೊರಟ ಎಂದಿಟ್ಟುಕೊಳ್ಳಿ. ಟ್ರಾಫಿಕ್‌ನಲ್ಲಿ ಏರ್‌ಪೋರ್ಟ್ ಮುಟ್ಟುವಾಗ 10. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು. ಅದೃಷ್ಟಕ್ಕೆ ಮಧ್ಯಾಹ್ನ 1ಕ್ಕೇ ಮಂಗಳೂರಿನ ವಿಮಾನ ಇದೆ, ಸೀಟೂ ಸಿಕ್ಕಿದೆ ಎಂದುಕೊಳ್ಳೋಣ. 3 ಗಂಟೆ 20 ನಿಮಿಷ ಹಾರಿ ಇಳಿಯುವಾಗ ದುಬೈಯಲ್ಲಿ 4.20, ಇಲ್ಲಿ 5.50. ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಹೊರಬರುವಾಗ 6.50. ಮನೆ ಪುತ್ತೂರಿನಲ್ಲಿ ಇದ್ದರೆ ಮತ್ತೆ ಒಂದೂವರೆ ಗಂಟೆ, ಅಂದರೆ ರಾತ್ರಿ 8.20. ಎಲ್ಲವೂ ಸರಿಯಾಗಿ ಕೂಡಿ ಬಂದರೂ ಮೂರೂವರೆ ಗಂಟೆ ಇಲ್ಲಿ ಹತ್ತು ಗಂಟೆಯಾಯಿತು. ಗಡಿಯಾರದಲ್ಲಿ ಕಾಣುವುದು ಹನ್ನೊಂದೂವರೆಯ ಹತ್ತಿರ.

ಇದರಲ್ಲಿ ಟಿಕೆಟ್ ಹುಡುಕಿದ ಹೊತ್ತು ಸೇರಿಲ್ಲ. ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಕಂಪೆನಿಯ ಕಚೇರಿ ತೆರೆಯುವವರೆಗೆ ಕಾಯುವ ಹುಡುಗರಿದ್ದಾರೆ. ರಜೆಗೆ ಸಹಿ ಹಾಕುವವರು ಸಿಗದೆ ಒದ್ದಾಡುವವರಿದ್ದಾರೆ. ನೇರ ವಿಮಾನ ಸಿಗದೆ ಮುಂಬೈ, ಬೆಂಗಳೂರು, ಕಣ್ಣೂರು ಮೂಲಕ ಬರುವವರದ್ದು ಇನ್ನೊಂದು ಕತೆ. ಮಳೆಗಾಲವಾದರೆ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದು, ಇಳಿಯಲಾಗದೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋಗುವುದೂ ಉಂಟು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಮನೆಯವರ ಲೆಕ್ಕ ಮಾತ್ರ ಅಲ್ಲಿಗೆ ತಪ್ಪುತ್ತದೆ.

ಜನಾಝವನ್ನು ತಡ ಮಾಡಬೇಡಿ ಎಂಬುದು ಪ್ರವಾದಿಯವರ ಬೋಧನೆ. ಕಾಯಲೇಬಾರದು ಎಂದು ನಾವು ಇಲ್ಲಿ ಹೇಳುತ್ತಿಲ್ಲ. ಮಗನಿಗೆ ಉಮ್ಮನ ಮುಖ ಕೊನೆಯ ಬಾರಿ ನೋಡುವ ಆಸೆ ಇರದೆ ಇದ್ದೀತೇ? ಆದರೆ ಕಾಯುವುದಾದರೆ ಲೆಕ್ಕ ಗೊತ್ತಿದ್ದು ಕಾಯಬೇಕು. ಸುದ್ದಿ ತಿಳಿಸುವಾಗಲೇ ಮೂರು ಪ್ರಶ್ನೆ ಕೇಳಿ. ಪಾಸ್‌ಪೋರ್ಟ್ ಕೈಯಲ್ಲಿದೆಯಾ? ಟಿಕೆಟ್ ಆಯ್ತಾ, ಇನ್ನೂ ನೋಡ್ತಾ ಇದ್ದೀಯಾ? ವಿಮಾನ ಇಲ್ಲಿ ಇಳಿಯುವುದು ನಮ್ಮ ಸಮಯ ಎಷ್ಟಕ್ಕೆ? ಮೂರನೇ ಪ್ರಶ್ನೆಯ ಉತ್ತರಕ್ಕೆ ಎರಡೂವರೆ ಗಂಟೆ ಸೇರಿಸಿದರೆ ಪುತ್ತೂರು, ಬೆಳ್ತಂಗಡಿಯ ಕಡೆಯವರಿಗೆ ಮನೆಗೆ ತಲುಪುವ ಹೊತ್ತು ಸಿಗುತ್ತದೆ. ಮಂಗಳೂರು, ಉಳ್ಳಾಲದವರಿಗೆ ಎರಡು ಗಂಟೆ ಸಾಕು. ಟಿಕೆಟ್ ಆಗದ ಮಗನಿಗಾಗಿ ಸಮಯ ನಿಗದಿ ಮಾಡದೆ ಕಾಯುವುದು ಮಯ್ಯಿತ್ತಿಗೂ ಕಷ್ಟ, ಮಗನಿಗೂ ಕಷ್ಟ. ತನ್ನಿಂದಾಗಿ ಎಲ್ಲರೂ ಕಾಯುತ್ತಿದ್ದಾರೆ ಎಂಬ ಭಾರ ಅವನ ಎದೆಯ ಮೇಲಿರುತ್ತದೆ. ಇದನ್ನು ಅವನಿಗೆ ಹೇಳುವ ಕೆಲಸ ಹತ್ತು ಮಂದಿ ಮಾಡಬಾರದು. ಮನೆಯ ಒಬ್ಬ ಹಿರಿಯರು, ಬೇಕಿದ್ದರೆ ಖತೀಬರ ಜೊತೆ ಕೂತು, ಒಂದೇ ಸಲ ಸ್ಪಷ್ಟವಾಗಿ ಹೇಳಲಿ.

ಬರಲಾಗದವನಿಗೆ ದಾರಿ ಮುಚ್ಚಿಲ್ಲ. ನಮ್ಮ ಮದ್‌ಹಬ್‌ನಲ್ಲಿ ದೂರದಲ್ಲಿರುವವರು ಗಾಯಿಬ್ ಆಗಿ ಜನಾಝ ನಮಾಝ್ ಮಾಡಬಹುದು. ಆಮೇಲೆ ಊರಿಗೆ ಬಂದಾಗ ಖಬರ್‌ನ ಬಳಿ ನಿಂತು ನಮಾಝ್ ಮಾಡುವುದಕ್ಕೂ ಅವಕಾಶವಿದೆ. ದೇರಾದ ಒಂದು ಕೋಣೆಯಲ್ಲಿ ಜೊತೆಯ ಹುಡುಗರೆಲ್ಲ ಸೇರಿ ಒಬ್ಬನ ತಾಯಿಗಾಗಿ ಸಫ್ ಕಟ್ಟಿ ನಿಲ್ಲುವುದು ಗಲ್ಫಿನಲ್ಲಿ ಇದ್ದವರಿಗೆಲ್ಲ ಪರಿಚಯದ ದೃಶ್ಯ.

ಅತ್ತ ಮಗನೇ ಅಲ್ಲಿ ತೀರಿಕೊಂಡರೆ ಲೆಕ್ಕ ಇನ್ನೂ ಉದ್ದ. ಆಸ್ಪತ್ರೆ, ಪೊಲೀಸ್ ಕಾಗದ, ಮರಣ ಪ್ರಮಾಣ ಪತ್ರ, ಶವ ಕೆಡದಂತೆ ಮಾಡುವ ಕೆಲಸ, ಭಾರತೀಯ ದೂತಾವಾಸದ ಒಪ್ಪಿಗೆ, ಪಾಸ್‌ಪೋರ್ಟ್ ರದ್ದತಿ, ಕಾರ್ಗೋ ಬುಕಿಂಗ್, ಎಲ್ಲವೂ ಆಗಬೇಕು. ಬದುಕಿದ್ದಾಗ ಮೂರೂವರೆ ಗಂಟೆಯಲ್ಲಿ ದಾಟುತ್ತಿದ್ದ ಸಮುದ್ರಕ್ಕೆ ಈಗ ದಿನಗಳೇ ಬೇಕು. ಅದಕ್ಕಾಗಿಯೇ ಎಷ್ಟೋ ಕುಟುಂಬಗಳು ಅಲ್ಲಿನ ಮಣ್ಣಿನಲ್ಲೇ ದಫನ ಮಾಡಲು ಒಪ್ಪುತ್ತವೆ. ಆ ಒಪ್ಪಿಗೆಯ ಹಿಂದಿನ ಸಂಕಟವನ್ನು ಹೊರಗಿನವರು ಅಳೆಯಬಾರದು.

ಈಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳು ಕೆಲವುಂಟು. ಗಲ್ಫಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಪಾಸ್‌ಪೋರ್ಟ್, ವೀಸಾದ ಪ್ರತಿಯನ್ನು ಮನೆಯ ಒಬ್ಬರಲ್ಲಿ ಇಟ್ಟಿರಲಿ. ಪಾಸ್‌ಪೋರ್ಟ್ ಅವಧಿ ಮುಗಿಯುವ ಆರು ತಿಂಗಳ ಮುಂಚೆಯೇ ನವೀಕರಿಸಲಿ. ಒಂದು ಟಿಕೆಟಿನಷ್ಟು ಹಣ ಯಾವತ್ತೂ ಮುಟ್ಟದೆ ತೆಗೆದಿಡಲಿ. ಒಬ್ಬನಿಂದ ಆಗದಿದ್ದರೆ ಅಲ್ಲಿನ ಊರಿನ ಜಮಾಅತ್ ಸಮಿತಿಗಳು ತುರ್ತು ಟಿಕೆಟಿಗೆಂದೇ ಒಂದು ಪಾಲು ಮೀಸಲಿಡಲಿ. ಮದುವೆ ಹಾಲ್‌ಗೆ ಕೊಡುವ ಚಂದಾದ ಒಂದು ತುಂಡು ಸಾಕು. ಊರಿನಲ್ಲಿ ಇರುವವರು ವಯಸ್ಸಾದ ತಂದೆ ತಾಯಿಯ ಆರೋಗ್ಯದ ನಿಜ ಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡುವ ಅಭ್ಯಾಸ ಬಿಡಲಿ. “ಅವನಿಗೆ ಅಲ್ಲಿ ಟೆನ್ಶನ್ ಬೇಡ” ಎಂದು ಹೇಳದೆ ಉಳಿಸಿದ ಒಂದು ವಾರವೇ, ಉಮ್ಮ ಬದುಕಿದ್ದಾಗ ಬಂದು ಕೈ ಹಿಡಿದು ಕೂರಲು ಅವನಿಗೆ ಇದ್ದ ಕೊನೆಯ ವಾರವಾಗಿರಬಹುದು. ಆಗ ಹೊರಡುವವನಿಗೆ ವಿಮಾನವೂ ಸಿಗುತ್ತದೆ, ಟಿಕೆಟಿಗೆ ಇಷ್ಟು ಬೆಲೆಯೂ ಇರುವುದಿಲ್ಲ.